ನಮ್ಮ ಮನೆಯ ಫೆನಿ ಭಟ್ಟಿಯ ಚರಿತ್ರೆ ಬರೆದದ್ದು

ಅಂಕೋಲೆಯಿಂದ ಗೋವಾದ ಸತ್ತರಿಗೆ ಗೇರುಹಣ್ಣು ಹೆಕ್ಕುವ ಕೂಲಿಗೆ ಬಂದ ಅಜ್ಜ, ಮುಂದೆ ಗೇರುಗುಡ್ಡ ವಹಿಸಿಕೊಂಡು, ಗೇರುಹಣ್ಣಿನ ಮದ್ಯವಾದ ಫೆನಿ ಇಳಿಸುವ ಭಟ್ಟಿ ತಾನೇ ಹಾಕಿದ. ಈಗ ಅದನ್ನು ನಾನು ನಡೆಸುತ್ತಿದ್ದೇನೆ. ಅದರ ಚರಿತ್ರೆ ಬರೆಯಲು ಕೂತಾಗ ಸಿಕ್ಕ ಕಾಗದವೆಂದರೆ ಅಬಕಾರಿಯ ಹಳೆ ರಸೀದಿಗಳು ಮಾತ್ರ. ಕಟ್ಟಿದ ಹಣ ಅದರಲ್ಲಿದೆ, ಕೆಲಸ ಹೇಗೆ ನಡೆಯಿತೆಂಬುದು ಇಲ್ಲ.

ಹಾಗಾಗಿ ಹಿರಿಯರನ್ನು ಇಸವಿ ಕೇಳದೆ, ಕೆಲಸದ ಜಾಡು ಹಿಡಿದೇ ಮಾತಾಡಿಸಿದೆ. ಫೆನಿಗೆ ಹಣ್ಣು ಕೊಯ್ಯುವಂತಿಲ್ಲ, ಮಾಗಿ ತಾನಾಗಿ ಬಿದ್ದದ್ದನ್ನೇ ಹೆಕ್ಕಬೇಕು. ಬೀಜ ತಿರುಪಿ ತೆಗೆದು ಹಣ್ಣನ್ನು ಕೊಳಂಬಿಗೆ, ಅಂದರೆ ಮುರಕಲ್ಲಿನಲ್ಲಿ ಕಡಿದ ತೊಟ್ಟಿಗೆ, ಸುರಿದು ತುಳಿಯಬೇಕು.

"ಅತ್ತೆ, ತುಳಿಯೋದು ಯಾವಾಗ ನಿಂತಿತು?" ಎಂದೆ.

"ನಿನ್ನಪ್ಪ ಕಬ್ಬಿಣದ ಪ್ರೆಸ್ ತಂದ ಮೇಲೆ. ಆ ಬೇಸಿಗೇಲೇ ಅಲ್ವೇನೋ ನನ್ನ ಮದುವೆ ಆದದ್ದು!"

ಮದುವೆಯ ಕರೆಯೋಲೆ ಪೆಟ್ಟಿಗೆಯಲ್ಲೇ ಇತ್ತು, ಇಸವಿ ಸಿಕ್ಕಿತು. ಅಜ್ಜ ಬಂದದ್ದು "ಪೋರ್ಚುಗೀಸರು ಇದ್ದಾಗಲೇ" ಎಂದು ಎಲ್ಲರೂ ಹೇಳಿದರು. ಅದು ಗೋವಾ ಬಿಡುಗಡೆಯಾದ 1961ರ ಡಿಸೆಂಬರಿಗಿಂತ ಹಿಂದಿನ ಮಾತಾಯಿತು.

ಅತಿ ಹೆಚ್ಚು ಪುಟ ಹಿಡಿದದ್ದು ಭಟ್ಟಿಯೇ. ಹಿಂಡಿದ ರಸಕ್ಕೆ ಈಸ್ಟ್ ಹಾಕುವುದಿಲ್ಲ, ಕೆಲವು ದಿನಗಳಲ್ಲಿ ತಾನೇ ಹುಳಿಯುತ್ತದೆ. ಅದನ್ನು ಒಮ್ಮೆ ಬಟ್ಟಿ ಇಳಿಸಿದರೆ ಹದವಾದ ಉರ್ರಾಕ್. ಉರ್ರಾಕಿಗೆ ಹುಳಿರಸ ಬೆರೆಸಿ ಮತ್ತೆ ಕಾಯಿಸಿದರೆ ಆಲ್ಕೋಹಾಲ್ ಶೇ. 40 ದಾಟುವ ಫೆನಿ. ಅಜ್ಜನ ಕಾಲದಲ್ಲಿ ಹಂಡೆ ಮಣ್ಣಿನದು. ಆವಿ ಇಳಿದು ಸೇರುವ ಲಾವ್ನಿ ಎಂಬ ಮಡಕೆಯ ಮೇಲೆ ತಣ್ಣೀರು ಹೊಯ್ಯುತ್ತಲೇ ಇರಬೇಕಿತ್ತು, ಆ ಕೆಲಸಕ್ಕೆ ರಾತ್ರಿಯಿಡೀ ಒಬ್ಬರು ಎಚ್ಚರವಿರುತ್ತಿದ್ದರು. ತಾಮ್ರದ ಹಂಡೆ, ನೀರಿನ ತೊಟ್ಟಿಯಲ್ಲಿ ಮುಳುಗಿದ ಸುರುಳಿ ಕೊಳವೆ ಬಂದಮೇಲೆ ಆ ಕಾವಲು ತಪ್ಪಿತು. ನಮ್ಮ ಮನೆಗೆ ಇದಕ್ಕಿಂತ ದೊಡ್ಡ ಬದಲಾವಣೆ ಬೇರೆ ಬಂದಿಲ್ಲವೆಂದೇ ನನ್ನ ಎಣಿಕೆ. 2009ರಲ್ಲಿ ಗೋವಾದ ಗೇರು ಫೆನಿಗೆ ಭೌಗೋಳಿಕ ಸೂಚಕ, ಅಂದರೆ ಆ ಹೆಸರು ಗೋವಾದ್ದಕ್ಕೇ ಸಲ್ಲುತ್ತದೆಂಬ ಮಾನ್ಯತೆ, ಸಿಕ್ಕಿತು. ಹೆಮ್ಮೆಯಾಯಿತು, ಬಾಟಲಿಗೆ ಗೌರವ ಬಂತು, ಆದರೆ ಒಲೆಯ ಮುಂದಿನ ಕೆಲಸ ಅದರಿಂದ ಬದಲಾಗಲಿಲ್ಲ.

ಒಂದು ವಿಷಯದಲ್ಲಿ ಮನೆಯವರ ಮಾತು ನಾನು ಕೇಳಲಿಲ್ಲ. ಚರಿತ್ರೆ ಅಂದರೆ ಪರವಾನಗಿ ಯಾರ ಹೆಸರಲ್ಲಿತ್ತೋ ಅವರದು ಸಾಕು ಎಂದರು. ಹಣ್ಣು ಹೆಕ್ಕಿದ ಹೆಂಗಸರು, ಲಾವ್ನಿಗೆ ನೀರು ಹೊಯ್ದವರು, ನೆನಪಿಗೆ ಬಂದಷ್ಟೂ ಜನರ ಹೆಸರು, ಊರು ಬರೆದೆ. ಅವರಲ್ಲಿ ಬಹಳ ಮಂದಿ ಜೊಯಿಡಾ, ಖಾನಾಪುರ ಕಡೆಯವರು. ಮುಂದಿನ ಮಾರ್ಚಿನಲ್ಲಿ ಹಂಗಾಮು ಏರುವ ಮೊದಲು ಆ ಊರುಗಳಿಗೇ ಹೋಗಿ, ಉಳಿದವರನ್ನು ಮಾತಾಡಿಸಬೇಕು.