ಹಿಂದಿನಿಂದ ಹಾರ್ನ್ ಬಂದಾಗ ನಾನು ಏನು ಮಾಡುತ್ತೇನೆ

ದಿನವೂ ಸೈಕಲ್‌ನಲ್ಲಿ ಕೆಲಸಕ್ಕೆ ಹೋಗಿಬರುವವರಿಗೆ ಕೋಪದ ಚಾಲಕರು ಹೊಸಬರಲ್ಲ. ಬೆನ್ನಿಗೆ ಅಂಟಿಕೊಂಡು ಹಾರ್ನ್ ಒತ್ತುವವರು, ಮೈಗೆ ತಾಗುವಷ್ಟು ಹತ್ತಿರ ಕಾರು ಓಡಿಸುವವರು, ಕಿಟಕಿ ಇಳಿಸಿ ಬೈಯುವವರು, ಮುಂದೆ ಹೋಗಿ ಬೇಕಂತಲೇ ಬ್ರೇಕ್ ಹಾಕುವವರು, ಎಲ್ಲ ಥರದವರೂ ಸಿಗುತ್ತಾರೆ. ವರ್ಷಗಟ್ಟಲೆ ಇವರ ನಡುವೆ ಓಡಾಡಿ ನಾನು ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಅವರನ್ನು ಅಲ್ಲೇ, ರಸ್ತೆಯ ಮೇಲೆ ತಿದ್ದುವ ಕೆಲಸ ನನಗೆ ಬೇಡ. ಅವರ ಗಾಡಿಗೂ ನನ್ನ ಮೈಗೂ ನಡುವೆ ಸ್ವಲ್ಪ ಜಾಗ, ಸ್ವಲ್ಪ ಸಮಯ ಮಾಡಿಕೊಂಡರೆ ಸಾಕು. ನ್ಯಾಯ ಕೇಳುವುದಿದ್ದರೆ ಅದು ಆಮೇಲೆ, ಕಾಲು ನೆಲಕ್ಕೆ ಊರಿದ ಮೇಲೆ.

ಮೊದಲು ಜಾಗದ ವಿಷಯ. ಹೊಸದಾಗಿ ಸೈಕಲ್ ಹಿಡಿದವರು ಹೆದರಿಕೆಗೆ ರಸ್ತೆಯ ತೀರಾ ಅಂಚಿನಲ್ಲಿ ಹೋಗುತ್ತಾರೆ. ಅಲ್ಲಿ ಮರಳು, ಗಾಜಿನ ಚೂರು, ಚರಂಡಿಯ ಜಾಲರಿ ಎಲ್ಲ ಇರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನೀವು ಅಂಚಿನಲ್ಲಿದ್ದರೆ ಹಿಂದಿನವರಿಗೆ ‘ಇಲ್ಲಿ ನುಗ್ಗಬಹುದು’ ಅನ್ನಿಸುತ್ತದೆ. ಎದುರಿನಿಂದ ಬಸ್ ಬರುತ್ತಿದ್ದರೂ ಅದೇ ಲೇನಿನಲ್ಲಿ ತೂರಿಕೊಂಡು ಹೋಗುತ್ತಾರೆ. ಆಗ ನಿಮಗೆ ಸರಿಯಲು ಒಂದು ಗೇಣು ಜಾಗವೂ ಉಳಿದಿರುವುದಿಲ್ಲ.

ನಾನು ಅಂಚಿನಿಂದ ಕನಿಷ್ಠ ಅರ್ಧ ಮೀಟರ್ ಒಳಗೆ ಇರುತ್ತೇನೆ. ನಿಂತ ಕಾರುಗಳ ಸಾಲು ಇದ್ದರೆ ಅವುಗಳಿಂದ ಒಂದು ಬಾಗಿಲಿನಷ್ಟು, ಅಂದರೆ ಸುಮಾರು ಒಂದು ಮೀಟರ್ ದೂರ. ಬಾಗಿಲು ಯಾವಾಗ ತೆರೆದುಕೊಳ್ಳುತ್ತದೋ ಯಾರಿಗೆ ಗೊತ್ತು? ರಸ್ತೆ ಕಿರಿದಾಗುವ ಕಡೆ, ಕ್ರಾಸ್ ಹತ್ತಿರ ಬರುವಾಗ, ಮುಂದೆ ಏನಿದೆ ಎಂದು ಕಾಣದ ತಿರುವಿನಲ್ಲಿ ಲೇನಿನ ನಡುವಿಗೆ ಬರುತ್ತೇನೆ. ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕವಾದ ಹೈವೇ ಕೋಡ್‌ನಲ್ಲಿ 2022ರ ತಿದ್ದುಪಡಿಯ ನಂತರ ಇದರಲ್ಲಿ ಹೆಚ್ಚಿನದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಓವರ್‌ಟೇಕ್ ಮಾಡುವವರು ಗಂಟೆಗೆ 30 ಮೈಲಿವರೆಗಿನ ವೇಗದಲ್ಲಿ ಕನಿಷ್ಠ 1.5 ಮೀಟರ್ ಜಾಗ ಬಿಡಬೇಕು, ವೇಗ ಹೆಚ್ಚಿದ್ದರೆ ಇನ್ನೂ ಜಾಸ್ತಿ ಬಿಡಬೇಕು ಎಂದೂ ಅದರಲ್ಲಿದೆ. ಜರ್ಮನಿಯಲ್ಲಿ 2020ರಿಂದ ಊರೊಳಗೆ 1.5 ಮೀಟರ್, ಊರಾಚೆ 2 ಮೀಟರ್. ಫ್ರಾನ್ಸ್‌ನಲ್ಲಿ ಒಳಗೆ 1, ಹೊರಗೆ 1.5. ಸಂಖ್ಯೆಗಳು ಬೇರೆಯಾದರೂ ಲೆಕ್ಕ ಒಂದೇ: ಗುಂಡಿ ತಪ್ಪಿಸಲು ಅಥವಾ ಗಾಳಿಯ ಹೊಡೆತಕ್ಕೆ ಸೈಕಲ್ ಒಂದಿಷ್ಟು ಓಲಾಡಿದರೂ ಜೀವ ಉಳಿಯಬೇಕು.

ಇದಕ್ಕೆ ಎದುರಾದ ಮಾತೂ ಇದೆ, ಅದನ್ನೂ ಹೇಳಬೇಕು. ಆಗ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿದ್ದ ಸಂಶೋಧಕ ಇಯಾನ್ ವಾಕರ್ ತಮ್ಮ ಸೈಕಲ್ಲಿಗೇ ಸೆನ್ಸರ್ ಕಟ್ಟಿಕೊಂಡು, ಪಕ್ಕದಲ್ಲಿ ಹಾದುಹೋಗುವ ವಾಹನಗಳು ಎಷ್ಟು ಜಾಗ ಬಿಡುತ್ತವೆ ಎಂದು ಅಳೆದರು. 2007ರಲ್ಲಿ ಅದು ಪ್ರಕಟವಾಯಿತು. ಅವರು ಅಂಚಿನಿಂದ ದೂರ ಸರಿದಷ್ಟೂ ಚಾಲಕರು ಬಿಟ್ಟ ಜಾಗ ಕಡಿಮೆಯಾಯಿತು. ಹಾಗಾದರೆ ನಡುವಿಗೆ ಬರುವುದು ತಪ್ಪಾ? ನನ್ನ ಮಟ್ಟಿಗೆ ಉತ್ತರ ಹೀಗಿದೆ. ಅಗಲವಾದ ರಸ್ತೆಯಲ್ಲಿ ಸುಮ್ನೆ ನಡುವೆ ಹೋಗಿ ಏನೂ ಲಾಭವಿಲ್ಲ, ಕೋಪ ಹೆಚ್ಚಿಸಿದಂತೆ ಆಗುತ್ತದೆ ಅಷ್ಟೆ. ಓವರ್‌ಟೇಕ್ ಆಗಲೇಬಾರದ ಜಾಗದಲ್ಲಿ ಮಾತ್ರ ನಡುವಿಗೆ ಬರುತ್ತೇನೆ. ಆ ಜಾಗ ದಾಟಿದ ಕೂಡಲೇ ಪಕ್ಕಕ್ಕೆ ಸರಿದು ಕೈ ಬೀಸಿ ದಾರಿ ಬಿಡುತ್ತೇನೆ. ಇವನು ಬೇಕಂತ ಅಡ್ಡ ಹಾಕಿದ್ದಲ್ಲ ಎಂದು ಹಿಂದಿನವರಿಗೆ ಗೊತ್ತಾಗುವುದು ಆಗಲೇ.

ನಡುವಿಗೆ ಸರಿಯುವ ಮೊದಲು ಹಿಂತಿರುಗಿ ನೋಡುವುದನ್ನು ಎಂದೂ ಬಿಡುವುದಿಲ್ಲ. ಕನ್ನಡಿ ಇದ್ದರೂ ತಲೆ ಪೂರ್ತಿ ತಿರುಗಿಸಿ, ಚಾಲಕ ಕೂತಿರುವ ಕಡೆ ನೋಡುತ್ತೇನೆ. ಬೇಗ ನೋಡಬೇಕು, ಕಾರು ಇನ್ನೂ ದೂರ ಇರುವಾಗಲೇ. ಎಷ್ಟೋ ಸಲ ಅಷ್ಟಕ್ಕೇ ಕಾರು ಸ್ವಲ್ಪ ನಿಧಾನವಾಗುತ್ತದೆ. ಹಿಂದಿನಿಂದ ಅವರಿಗೆ ಕಾಣುವುದು ಒಂದು ಬೆನ್ನು, ಒಂದು ಹೆಲ್ಮೆಟ್. ತಿರುಗಿದಾಗ ಒಂದು ಮುಖ ಕಾಣುತ್ತದೆ.

ಇದು ಬರೀ ನನ್ನ ಊಹೆ ಎನ್ನಲಾರೆ. ಆಸ್ಟ್ರೇಲಿಯಾದಲ್ಲಿ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 442 ಜನರನ್ನು ಕೇಳಿದ್ದರು. ಸೈಕಲ್ ಹೊಡೆಯದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸೈಕಲ್ ಸವಾರರನ್ನು ಪೂರ್ತಿ ಮನುಷ್ಯರಿಗಿಂತ ಕೆಳಗಿಟ್ಟು ಅಂಕ ಕೊಟ್ಟಿದ್ದರು. ಹಾಗೆ ನೋಡುವವರು ಸವಾರರ ಮೇಲೆ ತಾವೇ ದಬ್ಬಾಳಿಕೆ ಮಾಡಿದ್ದೇವೆ ಎಂದು ಒಪ್ಪಿಕೊಂಡಿದ್ದೂ ಹೆಚ್ಚು. ಒಟ್ಟು ಜನರಲ್ಲಿ 17 ಶೇಕಡಾ ಮಂದಿ ಬೇಕಂತಲೇ ಕಾರನ್ನು ಅಡ್ಡ ಹಾಕಿದ್ದೇವೆ ಎಂದಿದ್ದರು, 11 ಶೇಕಡಾ ಮಂದಿ ಬೇಕಂತಲೇ ತೀರಾ ಹತ್ತಿರ ಓಡಿಸಿದ್ದೇವೆ ಎಂದಿದ್ದರು. ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಅಂದಿನಿಂದ ಮುಖ ತೋರಿಸುವುದನ್ನು ಇನ್ನೂ ಶ್ರದ್ಧೆಯಿಂದ ಮಾಡುತ್ತೇನೆ. ದಾರಿ ಕೊಟ್ಟವರಿಗೆ ಕೈಯೆತ್ತಿ ಥ್ಯಾಂಕ್ಸ್ ಹೇಳುತ್ತೇನೆ, ತಪ್ಪದೆ.

ಇನ್ನು ಹಾರ್ನ್. ದೂರದಿಂದ ಒಂದು ಸಲ ಸಣ್ಣದಾಗಿ ಬಂದರೆ ‘ಹಿಂದೆ ಇದ್ದೇನೆ’ ಎಂದು ಅರ್ಥ. ಅದಕ್ಕೆ ಸಿಟ್ಟು ಮಾಡಿಕೊಳ್ಳುವುದಿಲ್ಲ. ಹತ್ತಿರದಿಂದ ಉದ್ದಕ್ಕೆ ಒತ್ತಿದರೆ ಅದು ಬೈಗುಳ. ಆಗ ನಾನು ಮೂರು ಕೆಲಸ ಮಾಡುವುದಿಲ್ಲ: ಗಾಬರಿಯಿಂದ ಅಂಚಿಗೆ ಹಾರುವುದಿಲ್ಲ, ವೇಗ ಹೆಚ್ಚಿಸುವುದಿಲ್ಲ, ಕೈ ಸನ್ನೆಯಲ್ಲಿ ಬೈಯುವುದಿಲ್ಲ. ಅಂಗೈ ಕೆಳಗೆ ಮಾಡಿ ‘ನಿಧಾನ’ ಎಂದು ತೋರಿಸುತ್ತೇನೆ, ಹ್ಯಾಂಡಲ್ ನೇರ ಇಟ್ಟುಕೊಳ್ಳುತ್ತೇನೆ. ಮನಸ್ಸಿನಲ್ಲಿ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ, ಅದು ತುಂಬಾ ಧೈರ್ಯ ಕೊಡುತ್ತದೆ. ನಾನು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ 200 ಮೀಟರ್ ದಾಟಲು 36 ಸೆಕೆಂಡ್ ಬೇಕು. ಹಿಂದಿನ ಕಾರು 40ರಲ್ಲಿ ಹೋಗಿದ್ದರೆ ಅದಕ್ಕೆ 18 ಸೆಕೆಂಡ್ ಸಾಕಿತ್ತು. ಅಂದರೆ ನನ್ನಿಂದ ಅವರಿಗೆ ಆದ ನಷ್ಟ 18 ಸೆಕೆಂಡ್. ಮುಂದಿನ ಸಿಗ್ನಲ್‌ನಲ್ಲಿ ಅದು ಹೇಗೂ ಹೋಗುತ್ತದೆ. ಇಷ್ಟಕ್ಕೆ ನಾನು ಅಪರಾಧಿಯಂತೆ ಕುಗ್ಗಬೇಕಾಗಿಲ್ಲ, ಅಲ್ವಾ?

ಆದರೆ ಇದಕ್ಕೊಂದು ಮಿತಿ ಇದೆ. ಹಿಂದಿನ ಗಾಡಿ ಲಾರಿ ಅಥವಾ ಬಸ್ ಆಗಿದ್ದರೆ, ಇಲ್ಲವೇ ಚಾಲಕ ಮಾತು ಕೇಳುವ ಸ್ಥಿತಿಯಲ್ಲಿಲ್ಲ ಎಂದು ಅನ್ನಿಸಿದರೆ, ಹಕ್ಕಿನ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ರಸ್ತೆಯಿಂದ ಇಳಿದುಬಿಡುತ್ತೇನೆ.

ಒಂದು ಸಂಜೆಯ ಘಟನೆ ಹೇಳುತ್ತೇನೆ. ಎರಡೂ ಕಡೆ ಕಾರು ನಿಂತ ಕಿರಿದಾದ ರಸ್ತೆ. ನಾನು ನಡುವೆ ಇದ್ದೆ. ಹಿಂದೆ ಒಂದು ಬಿಳಿ ಕಾರು ಬಂತು. ಎಂಜಿನ್ ರೇಸ್ ಮಾಡುವ ಸದ್ದು ಮೊದಲು ಕೇಳಿತು, ಆಮೇಲೆ ಹೆಡ್‌ಲೈಟ್ ಮಿನುಗಿದ ಬೆಳಕು ಮುಂದಿನ ಕಾರಿನ ನಂಬರ್ ಪ್ಲೇಟಿನ ಮೇಲೆ ಬಿತ್ತು. ತಿರುಗಿ ನೋಡಿದೆ, ಅಂಗೈ ತೋರಿಸಿದೆ. ಮುಂದೆ ನಿಂತ ಕಾರುಗಳ ನಡುವೆ ಒಂದು ಖಾಲಿ ಜಾಗ ಕಂಡಿತು. ಅಲ್ಲಿಗೆ ಹೋಗಿ ಸರಿದು, ಹೋಗಿ ಎಂದು ಕೈ ತೋರಿಸಿದೆ. ಅವರು ಹೋದರು, ಆದರೆ ಹೋಗುವಾಗ ಸ್ಟಿಯರಿಂಗನ್ನು ನನ್ನ ಕಡೆಗೆ ಒಂದಿಷ್ಟು ತಿರುಗಿಸಿದರು. ಕಾರಿನ ಪಕ್ಕದ ಕನ್ನಡಿ ನನ್ನ ಮೊಣಕೈ ಹತ್ತಿರದಲ್ಲೇ ಹಾದುಹೋಯಿತು. ಹದಿನೈದು ಇಪ್ಪತ್ತು ಮೀಟರ್ ಮುಂದೆ ಬ್ರೇಕ್ ಲೈಟ್ ಉರಿಯಿತು. ಕಾರು ಅಡ್ಡ ನಿಂತಿತು. ಬಾಗಿಲು ತೆರೆಯಿತು.

ಅಂಥ ಹೊತ್ತಿನಲ್ಲಿ ಮೈಯಲ್ಲಿ ರಕ್ತ ಕುದಿಯುತ್ತದೆ. ಮುಂದೆ ಹೋಗಿ ಕೇಳಬೇಕು ಅನ್ನಿಸುತ್ತದೆ. ನಾನು ಸೈಕಲ್ ಇಳಿದು, ಸೈಕಲ್ಲನ್ನು ನನಗೂ ಆ ಕಾರಿಗೂ ನಡುವೆ ಇಟ್ಟುಕೊಂಡು ಹಿಂದಕ್ಕೆ ತಿರುಗಿ, ಜನ ಓಡಾಡುತ್ತಿದ್ದ ಫುಟ್‌ಪಾತ್ ಕಡೆಗೆ ನಡೆದೆ. ಓಡಲಿಲ್ಲ. ಒಂದು ಅಂಗಡಿಯ ಬಾಗಿಲಲ್ಲಿ ನಿಂತು ಕಾರಿನ ನಂಬರನ್ನು ಗಟ್ಟಿಯಾಗಿ ಎರಡು ಸಲ ಹೇಳಿದೆ. ಹ್ಯಾಂಡಲ್ ಮೇಲಿನ ಕ್ಯಾಮೆರಾದಲ್ಲಿ ದನಿ ದಾಖಲಾಗಲಿ ಎಂದು. ಆ ಮನುಷ್ಯ ಸ್ವಲ್ಪ ಹೊತ್ತು ಕೂಗಾಡಿ ಕಾರು ಹತ್ತಿ ಹೋದರು. ಬಂದ ದಾರಿಯಲ್ಲೇ ವಾಪಸ್ ಹೋಗಿ ಬೇರೆ ರಸ್ತೆ ಹಿಡಿದೆ. ಅವರ ಹಿಂದೆಯೇ ಹೋಗಿದ್ದರೆ ಮುಂದಿನ ಸಿಗ್ನಲ್‌ನಲ್ಲಿ ಮತ್ತೆ ಸಿಗುತ್ತಿದ್ದರು.

ಕಾರಿನ ಮೇಲೆ ಕೈಯಿಂದ ಬಡಿಯುವ ಅಭ್ಯಾಸ ಕೆಲವು ಸವಾರರಿಗೆ ಇದೆ. ಎಚ್ಚರಿಸಲು ಹಾಗೆ ಮಾಡುತ್ತಾರೆ, ನನಗೆ ಅರ್ಥವಾಗುತ್ತದೆ. ಆದರೆ ದಯವಿಟ್ಟು ಮಾಡಬೇಡಿ. ಒಳಗೆ ಕೂತವರಿಗೆ ಅದು ದಾಳಿಯಂತೆ ಕೇಳಿಸುತ್ತದೆ, ಆಮೇಲೆ ದೂರು ಕೊಡಲು ಹೋದರೆ ಅದೇ ನಿಮ್ಮ ವಿರುದ್ಧ ತಿರುಗುತ್ತದೆ.

ಘಟನೆ ಮುಗಿದ ಮೇಲೆ ಕೈ ನಡುಗುತ್ತದೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ನಡುಗುವ ಕೈಯಲ್ಲಿ ಬ್ರೇಕ್ ಸರಿಯಾಗಿ ಹಿಡಿಯಲು ಬರುವುದಿಲ್ಲ, ಮನಸ್ಸು ಹಿಂದಿನ ಜಗಳದಲ್ಲೇ ಇರುತ್ತದೆ, ಮುಂದಿನ ಕ್ರಾಸ್ ಕಣ್ಣಿಗೆ ಕಾಣುವುದೇ ಇಲ್ಲ. ಹಾಗಾಗಿ ಕೂತುಕೊಳ್ಳುತ್ತೇನೆ. ನೀರು ಕುಡಿಯುತ್ತೇನೆ. ಉಸಿರು ಸಮ ಆದ ಮೇಲೆ, ನೆನಪು ಹಸಿಯಾಗಿರುವಾಗಲೇ, ಸಮಯ, ಜಾಗ, ನಂಬರ್, ಬಣ್ಣ, ಯಾವ ಕಡೆಯಿಂದ ಯಾವ ಕಡೆಗೆ ಹೋದರು ಎಂದು ಫೋನಿನಲ್ಲಿ ಬರೆದಿಡುತ್ತೇನೆ.

ಎಲ್ಲ ಚಾಲಕರೂ ಹಾಗಿರುವುದಿಲ್ಲ, ಮಾತಾಡಬಹುದಾದವರೂ ಇರುತ್ತಾರೆ. ಸಿಗ್ನಲ್‌ನಲ್ಲಿ ಪಕ್ಕದಲ್ಲೇ ನಿಂತಾಗ, ಅವರು ಶಾಂತವಾಗಿ ಕಂಡರೆ ಮಾತ್ರ, ಒಂದೇ ಒಂದು ವಾಕ್ಯ ಹೇಳುತ್ತೇನೆ: “ನೀವು ಅಷ್ಟು ಹತ್ತಿರ ಬಂದಾಗ ನನಗೆ ತುಂಬಾ ಭಯ ಆಯ್ತು.” ‘ಕಣ್ಣು ಕಾಣಲ್ವಾ’ ಎಂದು ಶುರು ಮಾಡಿದರೆ ಅವರು ಜಗಳಕ್ಕೆ ಸಿದ್ಧವಾಗುತ್ತಾರೆ. ಭಯ ಆಯ್ತು ಎಂದರೆ ಅದಕ್ಕೆ ವಾದ ಮಾಡಲು ಆಗುವುದಿಲ್ಲ. ಒಬ್ಬರು ಹಾಗೆ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಜಾಗ ಬಿಟ್ಟಿದ್ದೆ ಅಂದ್ಕೊಂಡೆ” ಎಂದರು. ನಿಜವಾಗಿಯೂ ಹಾಗೇ ಅಂದುಕೊಂಡಿದ್ದರು ಎಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಕಾರಿನೊಳಗಿಂದ ಅಳತೆ ಬೇರೆಯೇ ಕಾಣುತ್ತದೆ. ಹತ್ತಿರ ಬಂದವರೆಲ್ಲ ದ್ವೇಷದಿಂದ ಬಂದವರಲ್ಲ ಎಂಬುದನ್ನು ಅಂದಿನಿಂದ ನೆನಪಿಟ್ಟುಕೊಂಡಿದ್ದೇನೆ.

ಬಟ್ಟೆ ಬದಲಿಸಿದರೆ ಪ್ರಯೋಜನವಿದೆಯಾ ಎಂದು ಕೆಲವರು ಕೇಳುತ್ತಾರೆ. ಕತ್ತಲಲ್ಲಿ ಕಾಣಿಸಲು ಲೈಟು, ರಿಫ್ಲೆಕ್ಟರ್ ಬೇಕೇ ಬೇಕು. ಆದರೆ ಕೋಪಕ್ಕೆ ಬಟ್ಟೆ ಮದ್ದಲ್ಲ. ಅದೇ ವಾಕರ್ ಮತ್ತು ಜೊತೆಗಾರರು ಆಮೇಲೆ ಏಳು ಬಗೆಯ ಉಡುಪಿನಲ್ಲಿ ಪರೀಕ್ಷೆ ಮಾಡಿದರು. ಏನೇ ಹಾಕಿಕೊಂಡಿದ್ದರೂ ನೂರರಲ್ಲಿ ಒಂದೆರಡು ವಾಹನಗಳು 50 ಸೆಂಟಿಮೀಟರ್ ಒಳಗೇ ಹಾದುಹೋದವು. ಪೊಲೀಸ್ ಎಂದು ಬರೆದು, ವಿಡಿಯೋ ಮಾಡಲಾಗುತ್ತಿದೆ ಎಂದೂ ಸೂಚಿಸಿದ್ದ ಅಂಗಿಗೆ ಮಾತ್ರ ಸ್ವಲ್ಪ ಹೆಚ್ಚು ಜಾಗ ಸಿಕ್ಕಿತು.

ಅದಕ್ಕೇ ಕ್ಯಾಮೆರಾ ಇಟ್ಟುಕೊಳ್ಳಿ ಎನ್ನುತ್ತೇನೆ, ಮುಂದೊಂದು, ಸಾಧ್ಯವಾದರೆ ಹಿಂದೊಂದು. ದೂರು ಕೊಡುವಾಗ ಇಡೀ ಕ್ಲಿಪ್ ಕೊಡಿ. ಘಟನೆಗೆ ಮುಂಚಿನ ಒಂದು ನಿಮಿಷ, ನಂತರದ ಒಂದು ನಿಮಿಷ ಇರಲಿ. ಕತ್ತರಿಸಿ ಕೊಟ್ಟರೆ ಏನನ್ನೋ ಮುಚ್ಚಿಟ್ಟಂತೆ ಕಾಣುತ್ತದೆ. ಮೂಲ ಫೈಲನ್ನು ಹಾಗೇ ಉಳಿಸಿಕೊಳ್ಳಿ, ಕೇಸು ಮುಗಿಯುವವರೆಗೆ ಎಲ್ಲೂ ಹಾಕಬೇಡಿ. ಬರವಣಿಗೆಯಲ್ಲಿ ಬೈಗುಳ ಬೇಡ, ಊಹೆಯೂ ಬೇಡ. ‘ಕೊಲ್ಲಲು ನೋಡಿದರು’ ಎಂದು ಬರೆಯುವ ಬದಲು ‘ಎದುರು ಲೇನ್ ಖಾಲಿ ಇದ್ದರೂ ನನ್ನ ಲೇನಿನಲ್ಲೇ ಹಾದುಹೋದರು, ಕನ್ನಡಿ ಮೊಣಕೈ ಹತ್ತಿರ ಬಂತು’ ಎಂದು ಬರೆದರೆ ಓದುವ ಅಧಿಕಾರಿಗೆ ಕೆಲಸ ಸುಲಭ.

ದೂರು ಕೊಟ್ಟರೆ ಏನಾಗುತ್ತದೆ ಎಂದು ಕೈಚೆಲ್ಲುವವರಿಗೆ ಇಂಗ್ಲೆಂಡಿನ ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸರ ಉದಾಹರಣೆ ಕೊಡುತ್ತೇನೆ. 2016ರಲ್ಲಿ ಅಲ್ಲಿನ ಟ್ರಾಫಿಕ್ ಪೊಲೀಸರು ಮಫ್ತಿಯಲ್ಲಿ ಸೈಕಲ್ ಹತ್ತಿದರು. ಹತ್ತಿರ ಬಂದ ವಾಹನವನ್ನು ಮುಂದೆ ತಡೆದು ನಿಲ್ಲಿಸಿ, ನೆಲದ ಮೇಲೆ ಹಾಸಿದ ಚಾಪೆಯಲ್ಲಿ ಸೈಕಲ್ಲಿಗೆ ಎಷ್ಟು ಜಾಗ ಬಿಡಬೇಕು ಎಂದು ಚಾಲಕರಿಗೆ ತೋರಿಸಿದರು. ಮುಂದೆ ಬ್ರಿಟನ್ನಿನ ಬೇರೆ ಪೊಲೀಸ್ ಪಡೆಗಳೂ ಅದನ್ನೇ ಅನುಸರಿಸಿದವು.

ನನ್ನ ದೂರುಗಳಲ್ಲಿ ಕೆಲವಕ್ಕೆ ಉತ್ತರ ಬಂದಿದೆ, ಕೆಲವಕ್ಕೆ ಬಂದಿಲ್ಲ. ಆದರೂ ಬರೆಯುತ್ತೇನೆ. ಬರೆದಿಟ್ಟ ಟಿಪ್ಪಣಿಗಳನ್ನೆಲ್ಲ ಒಂದು ನಕ್ಷೆಯ ಮೇಲೆ ಗುರುತು ಮಾಡಿದಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಗುರುತುಗಳು ಊರೆಲ್ಲ ಹರಡಿರಲಿಲ್ಲ, ಅವೇ ಕೆಲವು ಜಾಗಗಳಲ್ಲಿ ಗುಂಪಾಗಿದ್ದವು. ಎರಡೂ ಕಡೆ ಪಾರ್ಕಿಂಗ್ ಇದ್ದು ಕಿರಿದಾದ ರಸ್ತೆ, ಸೇತುವೆಯ ಇಕ್ಕಟ್ಟು, ಇದ್ದಕ್ಕಿದ್ದಂತೆ ಮುಗಿದುಹೋಗುವ ಸೈಕಲ್ ಲೇನ್. ಅಲ್ಲಿ ಚಾಲಕರು ಬದಲಾದರೂ ಕೋಪ ಅದೇ. ಹಾಗಾಗಿ ಈಗ ಚಾಲಕರ ಮೇಲಿನ ದೂರಿನ ಜೊತೆಗೆ ರಸ್ತೆ ನೋಡಿಕೊಳ್ಳುವವರಿಗೂ ಒಂದು ಪತ್ರ ಹೋಗುತ್ತದೆ, ನಕ್ಷೆಯ ಸಮೇತ. ಒಂದು ಕಡೆಯ ಪಾರ್ಕಿಂಗ್ ತೆಗೆಯಿರಿ, ಇಲ್ಲವೇ ವೇಗದ ಮಿತಿಯನ್ನು ಗಂಟೆಗೆ 50 ಕಿಲೋಮೀಟರಿನಿಂದ 30ಕ್ಕೆ ಇಳಿಸಿ ಎಂದು ಕೇಳುತ್ತೇನೆ. 50ರಲ್ಲಿ ಬರುವ ಕಾರಿನ ಹೊಡೆತದ ಶಕ್ತಿ 30ರಲ್ಲಿ ಬರುವುದಕ್ಕಿಂತ ಸುಮಾರು 2.8 ಪಟ್ಟು ಎಂಬ ಲೆಕ್ಕವನ್ನೂ ಪತ್ರದಲ್ಲಿ ಸೇರಿಸುತ್ತೇನೆ. ಒಂದು ಕಡೆ ಪಾರ್ಕಿಂಗ್ ತೆಗೆದಿದ್ದಾರೆ. ಸೇತುವೆಯ ಬಗ್ಗೆ ಬರೆದ ಪತ್ರಕ್ಕೆ ಇನ್ನೂ ಉತ್ತರವಿಲ್ಲ, ಮತ್ತೆ ಬರೆಯುತ್ತಿದ್ದೇನೆ.