ಎಂಟು ಫೇಡರ್ ಇದ್ದರೂ ನಾನು ಮುಟ್ಟುವುದು ಮೂರೇ

ನಾನು ಮನೆಯಲ್ಲೇ ರೆಕಾರ್ಡಿಂಗ್ ಮಾಡುವವನು. ಸುಗಮ ಸಂಗೀತದ ಡೆಮೊ, ಕಥೆ ಓದುವವರ ದನಿ, ಆಗೊಮ್ಮೆ ಈಗೊಮ್ಮೆ ಯಾವುದಾದರೂ ಶಾಲೆಯ ನಾಟಕಕ್ಕೆ ಹಿನ್ನೆಲೆ ಸಂಗೀತ. ಕಂಪ್ಯೂಟರ್‌ನಲ್ಲಿ ಬಳಸುವುದು ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್. ಅದರ ಮುಂದೆ ಕಾರ್ಗ್ ಕಂಪನಿಯ ನ್ಯಾನೋಕಂಟ್ರೋಲ್ 2, ಅಂದರೆ ಸಾಫ್ಟ್‌ವೇರನ್ನು ಕೈಯಿಂದ ನಡೆಸುವ ಒಂದು ಪುಟ್ಟ ಪೆಟ್ಟಿಗೆ. ಕೀಬೋರ್ಡ್ ಮುಂದೆ ಹಾಯಾಗಿ ಕೂರುವಷ್ಟು ಸಣ್ಣದು. ಎಂಟು ಫೇಡರ್ (ಮೇಲೆ ಕೆಳಗೆ ಜಾರಿಸುವ ಗುಂಡಿ), ಎಂಟು ನಾಬ್ (ತಿರುಗಿಸುವ ಗುಂಡಿ), ಪ್ರತಿ ಫೇಡರ್ ಪಕ್ಕ ಎಸ್, ಎಂ, ಆರ್ ಅಂತ ಮೂರು ಬಟನ್. ಎಡಗಡೆ ಪ್ಲೇ, ಸ್ಟಾಪ್, ರೆಕಾರ್ಡ್, ಮಾರ್ಕರ್ ಬಟನ್‌ಗಳು.

ಇಂಥದ್ದು ಕೈಗೆ ಸಿಕ್ಕ ಕೂಡಲೇ ಎಲ್ಲರಿಗೂ ಹೊಳೆಯುವುದು ಒಂದೇ: ಎಂಟು ಫೇಡರ್‌ಗೆ ಎಂಟು ಟ್ರ್ಯಾಕಿನ ವಾಲ್ಯೂಮ್, ಎಂಟು ನಾಬ್‌ಗೆ ಎಂಟು ಪ್ಯಾನ್ (ದನಿ ಎಡಕ್ಕೋ ಬಲಕ್ಕೋ ಅನ್ನುವುದು). ನೋಡೋಕೇನೋ ಚೆನ್ನಾಗಿರುತ್ತದೆ. ಆದರೆ ಒಂದು ಹಾಡಿನಲ್ಲಿ ದನಿ ಮೂರನೇ ಟ್ರ್ಯಾಕಿನಲ್ಲಿದ್ದರೆ ಇನ್ನೊಂದರಲ್ಲಿ ಹನ್ನೊಂದನೆಯದರಲ್ಲಿರುತ್ತದೆ. ಯಾವ ಫೇಡರ್ ಯಾವುದಕ್ಕೆ ಅಂತ ಪ್ರತಿ ಸಲ ಸ್ಕ್ರೀನ್ ನೋಡಬೇಕಾದರೆ ಮೌಸೇ ವಾಸಿ, ಅಲ್ವಾ?

ಅದಕ್ಕೆ ನಾನು ಇನ್ನೊಂದು ಕಡೆಯಿಂದ ಶುರು ಮಾಡಿದೆ. ಕೆಲಸ ಮಾಡುವಾಗ ಪದೇ ಪದೇ ಏನು ಮಾಡುತ್ತೇನೆ ಅಂತ ಒಂದು ಚೀಟಿಯಲ್ಲಿ ಬರೆಯುತ್ತಾ ಹೋದೆ. ಪಟ್ಟಿ ಚಿಕ್ಕದೇ ಆಯಿತು. ಕೆಟ್ಟ ಟೇಕ್ ಎಸೆದು ಮತ್ತೆ ರೆಕಾರ್ಡ್ ಮಾಡುವುದು. ಮಾರ್ಕರ್ (ಜಾಗ ಗುರುತಿಸುವ ಚಿಹ್ನೆ) ಹಾಕುವುದು, ಮಾರ್ಕರ್‌ನಿಂದ ಮಾರ್ಕರ್‌ಗೆ ಹಾರುವುದು. ಹಾಡುವವರ ಹೆಡ್‌ಫೋನ್‌ನಲ್ಲಿ ತಂಬೂರಿ, ತಾಳ ಹೆಚ್ಚು ಕಮ್ಮಿ ಮಾಡುವುದು. ಆಮೇಲೆ, ಮಿಕ್ಸ್ ಮಾಡುವಾಗ ದನಿಯನ್ನು ಏರಿಸುತ್ತಾ ಇಳಿಸುತ್ತಾ ಸಾಗುವುದು. ಪ್ಯಾನ್ ಒಮ್ಮೆ ಇಟ್ಟರೆ ಮುಗಿಯಿತು. ಅದಕ್ಕೆ ನಾಬ್ ಯಾಕೆ?

ಮೊದಲ ಕೆಲಸ ಪೆಟ್ಟಿಗೆಯನ್ನೇ ಸರಿಮಾಡುವುದು. ಸಂಗೀತದ ಉಪಕರಣಗಳು ಕಂಪ್ಯೂಟರ್ ಜೊತೆ ಮಾತಾಡುವ ಭಾಷೆ ಮಿಡಿ. ಅದರಲ್ಲಿ ಸಿಸಿ (ಕಂಟ್ರೋಲ್ ಚೇಂಜ್) ಅಂದರೆ ಒಂದು ಸಂಖ್ಯೆ, ಅದರ ಜೊತೆ 0ಯಿಂದ 127ರವರೆಗಿನ ಒಂದು ಬೆಲೆ ಇರುವ ಸಂದೇಶ. ಪ್ಲೇ ಬಟನ್ ಮೇಲೆ ಪ್ಲೇ ಚಿಹ್ನೆ ಇದ್ದರೂ ಸಿಸಿ ಮೋಡ್‌ನಲ್ಲಿ ಅದು ಕಳಿಸುವುದು 'ಸಿಸಿ 41, ಬೆಲೆ 127' ಅಂತ ಒಂದು ಮಿಡಿ ಸಂದೇಶ, ಅಷ್ಟೇ. ಅದರ ಅರ್ಥ ಏನು ಅನ್ನುವುದು ಸಾಫ್ಟ್‌ವೇರ್ ಪಾಲಿಗೆ ಬಿಟ್ಟದ್ದು. ಕ್ಯೂಬೇಸ್, ಲಾಜಿಕ್ ಮುಂತಾದ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗಳಿಗೆ ಇದರಲ್ಲಿ ಸಿದ್ಧ ಮೋಡ್‌ಗಳಿವೆ. ನನಗೆ ಪ್ರತಿ ಬಟನ್ ನನ್ನದೇ ಆಗಬೇಕಿತ್ತು, ಹಾಗಾಗಿ ಸಿಸಿ ಮೋಡ್ ಆರಿಸಿದೆ. ಕಾರ್ಗ್‌ನವರ ಕಂಟ್ರೋಲ್ ಎಡಿಟರ್ ಉಚಿತ, ಅದರಲ್ಲಿ ಪ್ರತಿ ಬಟನ್ನಿನ ನಡತೆ ಬದಲಿಸಬಹುದು. ಎಡಿಟರ್ ತೆರೆಯುವ ಮುಂಚೆ ರೀಪರ್ ಮುಚ್ಚಿಬಿಡುತ್ತೇನೆ. ಎರಡೂ ಒಂದೇ ಮಿಡಿ ಪೋರ್ಟ್‌ಗೆ ಜಗಳಕ್ಕೆ ಬೀಳುವುದು ತಪ್ಪುತ್ತದೆ.

ಎಡಿಟರ್‌ನಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಬಟನ್ 'ಮೊಮೆಂಟರಿ'ಯೋ 'ಟಾಗಲ್ಲೋ' ಅಂತ. ಮೊಮೆಂಟರಿ ಆದರೆ ಪ್ರತಿ ಒತ್ತಿಗೂ 127, ಬಿಟ್ಟಾಗ 0 ಹೋಗುತ್ತದೆ. ಟಾಗಲ್ ಆದರೆ ಮೊದಲ ಒತ್ತಿಗೆ 127, ಎರಡನೇ ಒತ್ತಿಗೆ 0 ಹೋಗುತ್ತದೆ. ಸಾಮಾನ್ಯ ಆ್ಯಕ್ಷನ್‌ಗಳಿಗೆ (ರೀಪರ್ ಮಾಡುವ ಒಂದೊಂದು ಕೆಲಸಕ್ಕೆ ಆ ಹೆಸರು) ರೀಪರ್ 0 ಬಂದರೆ ಏನೂ ಮಾಡುವುದಿಲ್ಲ. ಅಂದರೆ ಒತ್ತು ಬಿಟ್ಟು ಒತ್ತು ಕೆಲಸ! 'ಬಟನ್ ಒಮ್ಮೆ ಕೇಳುತ್ತೆ, ಒಮ್ಮೆ ಕೇಳಲ್ಲ' ಅಂತ ಗೊಣಗುವವರು ಮೊದಲು ಇದನ್ನು ನೋಡಬೇಕು. ನಾನು ಎಲ್ಲವನ್ನೂ ಮೊಮೆಂಟರಿ ಮಾಡಿದೆ.

ಇನ್ನೊಂದು ವಿಷಯ ಸ್ವಲ್ಪ ತಮಾಷೆಯದು. ಈ ಪೆಟ್ಟಿಗೆಯ ಫೇಡರ್‌ಗಳು ಸಿಸಿ 0ಯಿಂದ 7ರವರೆಗೆ, ಆರ್ ಬಟನ್‌ಗಳು 64ರಿಂದ 71ರವರೆಗೆ. ಮಿಡಿಯಲ್ಲಿ ಸಿಸಿ 1 ಅಂದರೆ ಮಾಡ್ಯುಲೇಶನ್, 7 ಅಂದರೆ ವಾಲ್ಯೂಮ್, 64 ಅಂದರೆ ಸಸ್ಟೇನ್ ಪೆಡಲ್. ಟ್ರ್ಯಾಕಿನಲ್ಲಿ ಒಂದು ಪಿಯಾನೋ ಹಾಕಿ, ಅದರ ಇನ್‌ಪುಟ್ಟನ್ನು 'ಎಲ್ಲಾ ಮಿಡಿ' ಅಂತ ಇಟ್ಟು ಆರ್ಮ್ ಮಾಡಿ (ರೆಕಾರ್ಡಿಂಗ್‌ಗೆ ಸಿದ್ಧ ಮಾಡಿ) ನೋಡಿ. ಮೊದಲ ಆರ್ ಬಟನ್ ಹಿಡಿದುಕೊಂಡರೆ ಪಿಯಾನೋದ ಸ್ವರ ನಿಲ್ಲುವುದೇ ಇಲ್ಲ, ಪೆಡಲ್ ತುಳಿದ ಹಾಗೆ! ಕೊನೆಯ ಫೇಡರ್ ಎಳೆದರೆ ವಾದ್ಯದ ದನಿಯೇ ಇಳಿದುಹೋಗಬಹುದು. ಸಾಲದ್ದಕ್ಕೆ ಅದೆಲ್ಲಾ ರೆಕಾರ್ಡ್ ಕೂಡ ಆಗುತ್ತದೆ.

ಪರಿಹಾರ ರೀಪರ್‌ನ ಪ್ರಿಫರೆನ್ಸಸ್‌ನಲ್ಲೇ ಇದೆ. ಮಿಡಿ ಇನ್‌ಪುಟ್‌ಗಳ ಪಟ್ಟಿಯಲ್ಲಿ ಪ್ರತಿ ಉಪಕರಣಕ್ಕೂ ಎರಡು ಬೇರೆ ಬೇರೆ ಆಯ್ಕೆಗಳಿವೆ: ಒಂದು ಟ್ರ್ಯಾಕಿಗೆ ಹೋಗುವ ಇನ್‌ಪುಟ್, ಇನ್ನೊಂದು ಕಂಟ್ರೋಲ್ ಸಂದೇಶ. ನ್ಯಾನೋಕಂಟ್ರೋಲ್‌ಗೆ ಕಂಟ್ರೋಲ್ ಮಾತ್ರ ಇಟ್ಟೆ. ನುಡಿಸುವ ಮಿಡಿ ಕೀಬೋರ್ಡ್‌ಗೆ ಇನ್‌ಪುಟ್ ಮಾತ್ರ. ಈ ಎರಡನೆಯದೂ ಮುಖ್ಯ. ಇಲ್ಲದಿದ್ದರೆ ಕೀಬೋರ್ಡಿನ ಮಾಡ್ಯುಲೇಶನ್ ವೀಲ್ ತಿರುಗಿಸಿದಾಗ ಎರಡನೇ ಫೇಡರ್ ಎಳೆದಂತೆಯೇ ಆಗುತ್ತದೆ. ಎರಡೂ ಸಿಸಿ 1 ತಾನೇ?

ಇನ್ನು ಮ್ಯಾಪಿಂಗ್. ರೀಪರ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಕೀ ಒತ್ತಿದರೆ ಆ್ಯಕ್ಷನ್ ಪಟ್ಟಿ ತೆರೆಯುತ್ತದೆ. ಬೇಕಾದ ಆ್ಯಕ್ಷನ್ ಹುಡುಕಿ, 'ಆ್ಯಡ್' ಒತ್ತಿ, ಪೆಟ್ಟಿಗೆಯ ಬಟನ್ ಒತ್ತಿದರೆ ಮುಗಿಯಿತು. ಪ್ಲೇ, ಮಾರ್ಕರ್ ಇತ್ಯಾದಿ ಇಷ್ಟರಲ್ಲೇ ಆಗುತ್ತದೆ, ಅದರ ಬಗ್ಗೆ ಹೇಳುವಂಥದ್ದೇನಿಲ್ಲ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಮಾರ್ಕರ್ ಬಟನ್‌ಗಳ ಸಾಲಿನಲ್ಲಿರುವ ಸೈಕಲ್ ಬಟನ್. ಅದರ ಮೇಲೆ ಪೇಪರ್ ಟೇಪ್ ಅಂಟಿಸಿ 'ಮತ್ತೆ' ಅಂತ ಬರೆದಿದ್ದೇನೆ. ರೀಪರ್‌ನಲ್ಲಿ 'ನಿಲ್ಲಿಸು, ರೆಕಾರ್ಡ್ ಆದದ್ದನ್ನೆಲ್ಲಾ ಅಳಿಸು' ಅನ್ನುವ ಒಂದು ಆ್ಯಕ್ಷನ್ ಇದೆ. ಹೊಸ ಕಸ್ಟಮ್ ಆ್ಯಕ್ಷನ್ ಮಾಡಿ ಮೊದಲು ಅದನ್ನು ಹಾಕಿದೆ. ಆಮೇಲೆ ಅರ್ಧ ಸೆಕೆಂಡ್ ಕಾಯುವ ಆ್ಯಕ್ಷನ್, ಕೊನೆಗೆ ರೆಕಾರ್ಡ್. ಮೆಟ್ರೊನೋಮ್ ಸೆಟ್ಟಿಂಗ್‌ನಲ್ಲಿ ರೆಕಾರ್ಡಿಂಗ್‌ಗೆ ಮುಂಚೆ ಪ್ರೀ-ರೋಲ್ (ರೆಕಾರ್ಡ್ ಶುರುವಾಗುವ ಮುಂಚೆ ಹಿಂದಿನ ಸ್ವಲ್ಪ ಭಾಗ ಕೇಳಿಸುವುದು) ಇಟ್ಟಿದ್ದೇನೆ. ಈಗ ಪಲ್ಲವಿ ಎತ್ತುವಾಗಲೇ ಶ್ರುತಿ ಜಾರಿತು ಅನ್ನಿ. ಒಂದು ಬೆರಳು ಸಾಕು. ಹಾಳು ಟೇಕ್ ಹೋಗುತ್ತದೆ, ತಂಬೂರಿ ಮತ್ತೆ ಕೇಳುತ್ತದೆ, ಹಾಡುವವರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ರೆಕಾರ್ಡ್ ಶುರು. ಹಾಡುವವರ ಗಮನ ಹಾಡಿನಲ್ಲೇ ಉಳಿಯುತ್ತದೆ. 'ಒಂದ್ನಿಮಿಷ ಇರಿ ಮೇಡಂ' ಅಂತ ಮೌಸ್ ಹುಡುಕುತ್ತಾ ಕೂತರೆ ಆ ಲಹರಿ ಎಲ್ಲಿ ನಿಲ್ಲುತ್ತದೆ?

ಒಂದು ಎಚ್ಚರಿಕೆ: ಇದು ನಿಜವಾಗಿಯೂ ಅಳಿಸುತ್ತದೆ. ಹಾಗಾಗಿ ಕಥೆ ಓದಿಸುವಾಗ ಈ ಬಟನ್ ಕಡೆ ಕೈ ಹಾಕುವುದಿಲ್ಲ. ಅಲ್ಲಿ ಹತ್ತು ನಿಮಿಷ ಚೆನ್ನಾಗಿ ಬಂದು ಹನ್ನೊಂದನೇ ನಿಮಿಷಕ್ಕೆ ನಾಲಿಗೆ ತಡವರಿಸುತ್ತದೆ. ಅದಕ್ಕೆ ಮಾರ್ಕರ್ ಬಟನ್ ಸಾಕು. ತಪ್ಪಾದ ಜಾಗದಲ್ಲಿ ಒಂದು ಗುರುತು, ಓದು ಮುಂದುವರಿಯಲಿ.

ಈಗ ಆ ಮೂರು ಫೇಡರ್. ನನ್ನ ಟೆಂಪ್ಲೇಟ್‌ನಲ್ಲಿ ಒಂದನೇ ಟ್ರ್ಯಾಕ್ ಯಾವಾಗಲೂ ತಂಬೂರಿ, ಎರಡನೆಯದು ತಾಳ. ಎಡಗಡೆಯ ಮೊದಲ ಎರಡು ಫೇಡರ್ ಅವಕ್ಕೆ. ಇಲ್ಲಿ 'ಸಾಫ್ಟ್ ಟೇಕೋವರ್' ಅನ್ನುವ ಚೌಕಕ್ಕೆ ಟಿಕ್ ಹಾಕಲೇಬೇಕು. ಈ ಫೇಡರ್‌ಗಳಿಗೆ ಮೋಟಾರ್ ಇಲ್ಲ. ಸ್ಕ್ರೀನಿನಲ್ಲಿ ವಾಲ್ಯೂಮ್ ಮೇಲಿದ್ದು, ಕೈಯಲ್ಲಿರುವ ಫೇಡರ್ ತಳದಲ್ಲಿದ್ದರೆ, ಸುಮ್ನೆ ಮುಟ್ಟಿದರೂ ದನಿ ದಢಕ್ಕನೆ ಕೆಳಗೆ ಬೀಳುತ್ತದೆ. ಉಲ್ಟಾ ಆದರೆ ಹೆಡ್‌ಫೋನ್ ಹಾಕಿಕೊಂಡವರ ಕಿವಿಗೆ ಪೆಟ್ಟು. ಟಿಕ್ ಹಾಕಿದರೆ ಫೇಡರ್ ಆ ಮಟ್ಟವನ್ನು ದಾಟುವವರೆಗೆ ರೀಪರ್ ಅದರ ಮಾತು ಕೇಳುವುದಿಲ್ಲ.

ಮೂರನೆಯದು ಬಲತುದಿಯ ಫೇಡರ್. ಇದೇ ನನಗೆ ಇಷ್ಟದ್ದು. ಯಾವ ಟ್ರ್ಯಾಕ್ ಆಯ್ದಿದೆಯೋ ಅದರ ವಾಲ್ಯೂಮ್ ಇದರಲ್ಲಿ. ಕನ್ನಡ ಓದುವವರ ದನಿಯಲ್ಲಿ ಒಂದು ಗುಣ ಇದೆ: ವಾಕ್ಯದ ಕೊನೆಗೆ ಉಸಿರು ಮುಗಿಯುತ್ತದೆ, ಕ್ರಿಯಾಪದ ಇರುವುದೂ ಅಲ್ಲೇ. 'ಬಾಗಿಲು ತೆರೆದು ಹೊರಗೆ ಬಂದ' ಅಂತ ಓದಿದರೆ 'ಬಾಗಿಲು' ಗಟ್ಟಿಯಾಗಿ ಕೇಳುತ್ತದೆ, 'ಬಂದ' ನೆಲಕ್ಕೆ ಇಳಿದುಬಿಟ್ಟಿರುತ್ತದೆ. ಕಂಪ್ರೆಸರ್ (ಗಟ್ಟಿ, ಮೆಲು ದನಿಗಳ ಅಂತರ ತಗ್ಗಿಸುವ ಸಾಧನ) ಜಾಸ್ತಿ ಒತ್ತಿ ಸರಿಮಾಡಲು ಹೋದರೆ ಉಸಿರಿನ ಸದ್ದು, ಫ್ಯಾನ್ ಸದ್ದು ಎಲ್ಲಾ ಎದ್ದು ಬರುತ್ತವೆ. ಕೈಯಲ್ಲೇ ವಾಕ್ಯದ ತುದಿಯನ್ನು ಸ್ವಲ್ಪ ಎತ್ತಿಕೊಡುವುದು ನನಗೆ ಹೆಚ್ಚು ಸಹಜ ಅನಿಸುತ್ತದೆ.

ಆದರೆ ಸಿಸಿಗೆ ಇರುವುದು 128 ಮೆಟ್ಟಿಲು. ಅಷ್ಟರಲ್ಲೇ ಪೂರ್ತಿ ಮೌನದಿಂದ ಗರಿಷ್ಠದವರೆಗೆ ಹಂಚಿದರೆ, ನನಗೆ ಬೇಕಾದ ಜಾಗದಲ್ಲಿ ಕೆಲವೇ ಮೆಟ್ಟಿಲು ಉಳಿಯುತ್ತವೆ. ಇದಕ್ಕೆ ರೀಲರ್ನ್ ಅನ್ನುವ ಪ್ಲಗಿನ್ ಬಳಸಿದೆ. ರೀಪರ್‌ಗೆ ಇಂಥ ಹೆಚ್ಚುವರಿಗಳನ್ನು ತರುವ ರೀಪ್ಯಾಕ್ ಮೂಲಕ ಹಾಕಿಕೊಳ್ಳಬಹುದು. ಅದರಲ್ಲಿ ಗುರಿಯ ಕನಿಷ್ಠ, ಗರಿಷ್ಠ ನಾವೇ ಹೇಳಬಹುದು. ನಾನು ಮೈನಸ್ 6ರಿಂದ ಪ್ಲಸ್ 6 ಡೆಸಿಬಲ್ ಇಟ್ಟೆ. ಒಟ್ಟು 12 ಡೆಸಿಬಲ್ ಪೂರ್ತಿ ಫೇಡರ್ ಉದ್ದಕ್ಕೂ ಹರಡಿ, ಒಂದೊಂದು ಮೆಟ್ಟಿಲು ಸರಾಸರಿ 0.1 ಡೆಸಿಬಲ್‌ನಷ್ಟು ನವಿರಾಯಿತು. ಟೇಕೋವರ್ ಅದರಲ್ಲೂ ಇದೆ, 'ಪಿಕ್ ಅಪ್' ಆರಿಸಿದೆ. ಶುರು ಮಾಡುವ ಮುನ್ನ ಫೇಡರ್ ಮಧ್ಯಕ್ಕೆ ತಂದರೆ ಸೊನ್ನೆಯ ಹತ್ತಿರ ಅದು ಹಿಡಿತಕ್ಕೆ ಸಿಗುತ್ತದೆ.

ಫೇಡರ್ ಏರಿಳಿತವನ್ನು ಬರೆದಿಟ್ಟುಕೊಳ್ಳುವ ಆಟೊಮೇಶನ್‌ನ ಮೋಡ್ 'ಟಚ್' ಅಲ್ಲ, 'ಲ್ಯಾಚ್' ಇಡುತ್ತೇನೆ. ಬೆರಳು ಫೇಡರ್ ಮೇಲೆ ಇದೆಯೋ ಇಲ್ಲವೋ ಅಂತ ತಿಳಿಯುವ ಸೆನ್ಸರ್ ಈ ಪೆಟ್ಟಿಗೆಯಲ್ಲಿಲ್ಲ. ಟಚ್‌ನಲ್ಲಿ ನಾನು ಫೇಡರ್ ಅಲುಗಿಸದೆ ಹಿಡಿದುಕೊಂಡರೂ ಕೈ ಬಿಟ್ಟೆ ಅಂತಲೇ ರೀಪರ್ ತಿಳಿಯುತ್ತದೆ, ವಾಲ್ಯೂಮ್ ಹಳೆಯ ಜಾಗಕ್ಕೆ ವಾಪಸ್ ಹೋಗುತ್ತದೆ. ಲ್ಯಾಚ್‌ನಲ್ಲಿ ಕೊನೆಯ ಮಟ್ಟ ಹಾಗೇ ನಿಲ್ಲುತ್ತದೆ. ಮುಗಿದ ಕೂಡಲೇ 'ರೀಡ್'ಗೆ ತಂದುಬಿಡಬೇಕು, ಇಲ್ಲವಾದರೆ ಮುಂದಿನ ಸಲ ಕೈ ತಾಗಿದರೂ ಬರೆದದ್ದರ ಮೇಲೆ ಮತ್ತೆ ಬರೆಯುತ್ತದೆ.

ರೀಲರ್ನ್ ಪ್ಲಗಿನ್ನನ್ನು ಮಾನಿಟರಿಂಗ್ ಎಫ್‌ಎಕ್ಸ್ ಸಾಲಿನಲ್ಲಿ ಹಾಕಿದರೆ ಎಲ್ಲಾ ಪ್ರಾಜೆಕ್ಟ್‌ಗೂ ತಾನಾಗೇ ಸಿಗುತ್ತದೆ. ಅದರಿಂದ ಇನ್ನೊಂದು ಲಾಭ ಮಾಡಿಕೊಂಡೆ. ಕಾರ್ಗ್ ಎಡಿಟರ್‌ನಲ್ಲಿ ಎಲ್‌ಇಡಿ ಮೋಡ್ 'ಎಕ್ಸ್‌ಟರ್ನಲ್' ಮಾಡಿ, ರೀಲರ್ನ್‌ನಿಂದ ಸಂದೇಶ ವಾಪಸ್ ಕಳಿಸಿದೆ. ಈಗ ರೀಪರ್ ನಿಜವಾಗಿ ರೆಕಾರ್ಡ್ ಮಾಡುತ್ತಿದ್ದರೆ ಮಾತ್ರ ರೆಕಾರ್ಡ್ ಬಟನ್ನಿನ ದೀಪ ಉರಿಯುತ್ತದೆ. ಹಾಡುವವರು ಎದುರಿಗೆ ಕೂತು ಅದನ್ನೇ ನೋಡುತ್ತಾರೆ, ನಾನು ಕೈಸನ್ನೆ ಮಾಡಬೇಕಿಲ್ಲ.

ಉಳಿದ ಐದು ಫೇಡರ್, ಎಂಟು ನಾಬ್ ಖಾಲಿ. ಒಂದು ನಾಬ್‌ಗೆ ರಿವರ್ಬ್ ಕೊಡೋಣ ಅನಿಸುತ್ತಿರುತ್ತದೆ, ಆದರೆ ಎಲ್ಲರೂ 'ಇನ್ನೂ ಸ್ವಲ್ಪ ಎಕೋ ಹಾಕಿ ಸಾರ್' ಅನ್ನುವವರೇ. ಅವರ ಕೈಗೆ ಸಿಗುವ ಜಾಗದಲ್ಲಿ ಅದು ಇಲ್ಲದಿದ್ದರೇ ಒಳ್ಳೆಯದು.

ಇಷ್ಟೆಲ್ಲಾ ಮಾಡಿದ ಮೇಲೆ ಮೂರು ಕಡೆಯಿಂದ ಬ್ಯಾಕಪ್ ತೆಗೆಯಬೇಕು. ಆ್ಯಕ್ಷನ್ ಪಟ್ಟಿಯಿಂದ ಕೀ ಮ್ಯಾಪ್ ಎಕ್ಸ್‌ಪೋರ್ಟ್ ಮಾಡಿದರೆ ಬಟನ್‌ಗಳೂ ಕಸ್ಟಮ್ ಆ್ಯಕ್ಷನ್‌ಗಳೂ ಒಂದು ಫೈಲ್‌ಗೆ ಬರುತ್ತವೆ. ಕಾರ್ಗ್ ಎಡಿಟರ್‌ನ ಸೆಟ್ಟಿಂಗ್ ಇನ್ನೊಂದು ಫೈಲ್. ರೀಲರ್ನ್‌ನದು ಪ್ರಿಸೆಟ್ ಆಗಿ ಉಳಿಸಿದ್ದೇನೆ. ಮೂರನ್ನೂ ಒಂದೇ ಫೋಲ್ಡರ್‌ನಲ್ಲಿಟ್ಟು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ, ಬೇರೆಯವರ ಕಂಪ್ಯೂಟರ್‌ನಲ್ಲೂ ಚಹಾ ಬರುವಷ್ಟರಲ್ಲಿ ಎಲ್ಲಾ ಸಿದ್ಧವಾಗುತ್ತದೆ.