ಸೋಮವಾರ ಕಾಯರ್, ಮಂಗಳವಾರ ಮ್ಯೂಸಿಕಲ್: ಒಂದೇ ಗಂಟಲಿನಲ್ಲಿ ಎರಡು ತಾಲೀಮು

ಹವ್ಯಾಸಿ ಕಾಯರ್ (ಹಲವರು ಸೇರಿ ಹಾಡುವ ಗಾಯನ ತಂಡ) ಮತ್ತು ಹವ್ಯಾಸಿ ಮ್ಯೂಸಿಕಲ್ (ಹಾಡು, ಕುಣಿತದ ನಾಟಕ) ಎರಡನ್ನೂ ಒಂದೇ ಚಳಿಗಾಲದಲ್ಲಿ ಹಾಡುತ್ತೇನೆ ಎಂದಾಗ ಮ್ಯಾಂಚೆಸ್ಟರಿನ ಎರಡೂ ತಂಡದವರು ನಕ್ಕಿದ್ದರು. 'ಡಿಸೆಂಬರ್ ಬರಲಿ, ನೋಡೋಣ' ಎಂದಳು ಹೆಂಡತಿ. ಡಿಸೆಂಬರ್ ಬಂದು ಹೋಯಿತು. ನವೆಂಬರ್ ಕೊನೆಯಲ್ಲಿ ಮಂಗಳವಾರದಿಂದ ಶನಿವಾರದವರೆಗೆ ನಾಟಕವಾಡಿ, ಎರಡು ವಾರ ಬಿಟ್ಟು ಹ್ಯಾಂಡೆಲ್‌ನ ದೊಡ್ಡ ಸಮೂಹಗಾನ ಕೃತಿ 'ಮೆಸ್ಸಾಯ'ವನ್ನು ಕಾಯರ್ ಜೊತೆ ಪೂರ್ತಿ ಹಾಡಿದೆ. ಧ್ವನಿ ಒಡೆಯಲಿಲ್ಲ.

ಅದಕ್ಕೂ ಮುಂಚಿನ ಪ್ರಯತ್ನಗಳೆಲ್ಲ ನೆಲಕಚ್ಚಿದ್ದವು. ವಾರ ಬಿಟ್ಟು ವಾರ ಹೋಗಿ ಎರಡೂ ತಂಡಗಳ ಸಿಟ್ಟಿಗೆ ಗುರಿಯಾದೆ. ತಪ್ಪಿದ ತಾಲೀಮನ್ನು ಗೆಳೆಯರೊಬ್ಬರಿಂದ ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಂಡು ಟ್ರ್ಯಾಮ್‌ನಲ್ಲಿ ಕೇಳಿದೆ. ಅವರು ಕೂರುವುದು ಬೇಸ್‌ನವರ (ಗಂಡಸರ ತಗ್ಗಿನ ಧ್ವನಿ) ಮುಂದಿನ ಸಾಲಿನಲ್ಲಿ, ಹಾಗಾಗಿ ಟೆನರ್ (ಗಂಡಸರ ಎತ್ತರದ ಧ್ವನಿ) ಆದ ನಾನು ಬೇಸ್ ಸಾಲನ್ನು ಅಚ್ಚುಕಟ್ಟಾಗಿ ಕಲಿತೆ!

ಕೊನೆಗೆ ಕೈಹಿಡಿದದ್ದು ಪಾತ್ರದ ಆಯ್ಕೆ. ಕಾಯರ್‌ಗೆ ಪ್ರತಿ ತಾಲೀಮಿಗೂ ಎಲ್ಲರೂ ಬೇಕು, ನಾಟಕದಲ್ಲಿ ಯಾರು ಯಾವಾಗ ಬರಬೇಕೆಂಬ ಕರೆಪಟ್ಟಿ ಮಾತ್ರ ದೃಶ್ಯವಾರು ಇರುತ್ತದೆ. ಎಲ್ಲರೂ ನಾಯಕನ ಪಾತ್ರಕ್ಕೇ ಕೈಚಾಚುತ್ತಾರೆ. ನಾನು ಮೊದಲ ಅಂಕದಲ್ಲೇ ಸಾಯುವ ಪಾತ್ರವನ್ನು ಕೇಳಿ ಪಡೆದೆ, ನಾಟಕದ ತಾಲೀಮಿರುವ ಗುರುವಾರಗಳು ಹೆಚ್ಚುಕಡಿಮೆ ಬಿಡುವಾದವು. ಆಡಿಷನ್ ಅರ್ಜಿಯಲ್ಲಿ ಬರಲಾಗದ ದಿನಗಳನ್ನು ಕೇಳುವ ಜಾಗದಲ್ಲಿ ಸೋಮವಾರಗಳನ್ನೆಲ್ಲ ಬರೆದುಬಿಟ್ಟೆ. ಪಾತ್ರ ಸಿಕ್ಕ ಮೇಲೆ ಹೇಳು ಎಂದವರ ಮಾತು ಕೇಳಲಿಲ್ಲ. ಇನ್ನು ಕಾಯರ್ ಕಡೆ, ಟೆನರ್‌ಗಳಿಗೆ ಇಲ್ಲಿ ಸದಾ ಬರ. ನಾಟಕದ ವಾರದ ಸೋಮವಾರ ರಂಗಸಜ್ಜಿಕೆಯ ತಾಲೀಮಿಗೆ ಹೋಗಲು ಕಾಯರ್‌ನಿಂದ ರಜೆ ಸಿಕ್ಕಿದ್ದು ಅದರಿಂದಲೇ. ಹೇಗೆ ಕೇಳಿದೆ ಎಂಬುದನ್ನು ಬರೆಯುವುದಿಲ್ಲ, ನಮ್ಮ ಟೆನರ್ ಸಾಲಿನ ಇತರರೂ ಕೇಳಿಯಾರು.

ಕಾಯರ್‌ನ ಕೃತಿಯನ್ನು ಬೇಸಿಗೆಯಲ್ಲೇ ಸ್ವರ ಹಾಕಿ ಕಲಿತಿರುತ್ತೇನೆ. 'ಮೆಸ್ಸಾಯ'ದ 'ಹಲ್ಲೆಲೂಯ' ಇರುವುದು ಡಿ ಮೇಜರ್ ಸ್ವರಶ್ರೇಣಿಯಲ್ಲಿ, ಕರ್ನಾಟಕ ಸಂಗೀತದ ನಮಗೆ ಅದು ಶಂಕರಾಭರಣ ರಾಗ. ನಡುವೆ ಪ್ರತಿಮಧ್ಯಮ (ಅರ್ಧ ಸ್ವರ ಎತ್ತರದ 'ಮ') ಇಣುಕಿದ ಕಡೆ ಪಂಚಮವನ್ನೇ ಷಡ್ಜ ಮಾಡಿಕೊಂಡು ಪೆನ್ಸಿಲ್‌ನಲ್ಲಿ ಹೊಸ ಸ್ವರ ಬರೆಯುತ್ತೇನೆ, ಆ ಪ್ರತಿಮಧ್ಯಮ ನಿಷಾದವಾಗಿ ತಾನೇ ಕೂರುತ್ತದೆ. ಹೀಗೆ ಷಡ್ಜದ ಜಾಗ ಬದಲಿಸುವ ಗ್ರಹಭೇದ ಗೊತ್ತಿದ್ದವರಿಗೆ ಇಷ್ಟು ಸಾಕು. ಸೋಮವಾರದ ಎರಡು ಗಂಟೆ ಪಕ್ಕದವರ ಧ್ವನಿಗೆ ಬೆರೆಯಲು ಮಾತ್ರ.

ಗಂಟಲಿನ ಲೆಕ್ಕ ಬೇರೆ. ನಾಟಕದ ಎದೆಧ್ವನಿಯ ಮರುದಿನ ಕಾಯರ್‌ನ ತೆಳು ಧ್ವನಿ ನನಗೆ ಬರುವುದೇ ಇಲ್ಲ, ತಿರುಗುಮುರುಗಾದರೆ ತೊಂದರೆಯಿಲ್ಲ. ಆದರೂ ಗಂಟಲಿಗೆ ಬಿಡುವಿರಲೆಂದು ಮಂಗಳವಾರ ನೃತ್ಯವನ್ನೇ ಇಡಿಸಿಕೊಂಡೆ, ಬುಧವಾರ ಮೌನ. ಶನಿವಾರ ನಾನು ಮಕ್ಕಳಿಗೆ ಹೇಳಿಕೊಡುವ ಸಂಗೀತ ಪಾಠದಲ್ಲಿ ಸರಳೆ ವರಸೆ (ಮೊದಲ ಸ್ವರಪಾಠ) ಅವರು ಹಾಡುತ್ತಾರೆ, ನಾನು ತಾಳ ಹಾಕುತ್ತೇನೆ.

ತಾಳದಿಂದ ನೆನಪಾಯಿತು. ನೃತ್ಯ ನಿರ್ದೇಶಕಿ ಐದು, ಆರು, ಏಳು, ಎಂಟು ಎಂದು ಎಣಿಸಿ ಎತ್ತಿಸುತ್ತಾರಲ್ಲ, ಅದು ಎಂಟು ಎಣಿಕೆಯ ಆದಿತಾಳದ ಕೊನೆಯ ಎರಡು ದ್ರುತ (ಎರಡೆರಡು ಎಣಿಕೆಯ ಭಾಗ). ಮೊದಲ ಹೆಜ್ಜೆ ಸಮಕ್ಕೆ, ಅಂದರೆ ತಾಳದ ಮೊದಲ ಎಣಿಕೆಗೆ. ಹಾಗೆ ಎಣಿಸತೊಡಗಿದ ಮೇಲೆ ನನ್ನ ಕಾಲು ತಪ್ಪಿದ್ದು ಕಡಿಮೆ. ಇನ್ನೊಮ್ಮೆ, ವಾದ್ಯವಿಲ್ಲದ ಕ್ರಿಸ್ಮಸ್ ಹಾಡಿಗೆ ಒಂದು ಕಿವಿಯಲ್ಲಿ ಶ್ರುತಿಪೆಟ್ಟಿಗೆಯ ಆ್ಯಪ್ ಇಟ್ಟುಕೊಂಡು ನೋಡಿದೆ. ನಾಲ್ಕನೇ ಚರಣದ ಹೊತ್ತಿಗೆ ಇಡೀ ಕಾಯರ್ ಅರ್ಧ ಸ್ವರದಷ್ಟು ಇಳಿದಿತ್ತು. ಹೇಳಿದ್ದು ಕಾಯರ್ ಹಾಡಿಸುವ ನಿರ್ದೇಶಕರಿಗೆ ಹಿಡಿಸಲಿಲ್ಲ.

ಖರ್ಚು ನೆನಪಿನಿಂದ ಹೇಳುತ್ತೇನೆ. ಕಾಯರ್ ಚಂದಾ ವರ್ಷಕ್ಕೆ 150 ಪೌಂಡ್ ಆಸುಪಾಸು, ನಾಟಕದ ಶುಲ್ಕ 70, ನೃತ್ಯದ ಷೂ 25, ಕಪ್ಪು ಸೂಟು ಚಾರಿಟಿ ಅಂಗಡಿಯಲ್ಲಿ 20. ಮೊದಲ ವರ್ಷ ಜೇಬು ಸುಟ್ಟದ್ದು ರಾತ್ರಿಯ ಟ್ಯಾಕ್ಸಿ, 200 ದಾಟಿತ್ತು. ಈಗ ನಮ್ಮ ಬೀದಿಯ ಬೇಸ್ ಗಾಯಕರ ಕಾರಿನಲ್ಲಿ ಬರುತ್ತೇನೆ. ಪೆಟ್ರೋಲಿಗೆ ದುಡ್ಡು ಬೇಡವೆನ್ನುತ್ತಾರೆ, ತಿಂಗಳಿಗೊಂದು ಡಬ್ಬಿ ಚಕ್ಕುಲಿ ಮಾತ್ರ ತಪ್ಪಿಸುವಂತಿಲ್ಲ.